ಒಂಟಿ ಪ್ರವಾಸಿಗರಿಗೂ ಸಲ್ಲುವ ಮನೆ ವಿನಿಮಯ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿದೇಶ ಪ್ರವಾಸದಲ್ಲಿ ಉಳಿದುಕೊಳ್ಳುವ ವ್ಯವಸ್ಥೆಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹೋಟೆಲು, ಹಾಸ್ಟೆಲು, ಅಲ್ಪಾವಧಿ ಬಾಡಿಗೆಯ ಫ್ಲ್ಯಾಟು ಇವುಗಳ ಅನುಕೂಲ ಅನಾನುಕೂಲಗಳನ್ನು ವಿವರವಾಗಿ ತೂಗಿ ನೋಡಿದ ಲೇಖಕರು, ಮನೆ ವಿನಿಮಯದ, ಅಂದರೆ ತಮ್ಮ ಮನೆಯನ್ನು ಬೇರೆಯವರಿಗೆ ಉಳಿಯಲು ಬಿಟ್ಟುಕೊಟ್ಟು ಬದಲಿಗೆ ಇನ್ನೊಬ್ಬರ ಮನೆಯಲ್ಲಿ ಉಳಿಯುವ ವ್ಯವಸ್ಥೆಯ, ಮಾತು ಬಂದಾಗ ಮಾತ್ರ ಅದು ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬಗಳಿಗೆ ಹೇಳಿ ಮಾಡಿಸಿದ್ದು, ಒಬ್ಬರೇ ಹೊರಡುವವರಿಗೆ ಹೊಂದುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಕಳೆದ ಕೆಲವು ವರ್ಷಗಳಲ್ಲಿ ಆರು ಬಾರಿ ಒಬ್ಬಳೇ ವಿದೇಶಕ್ಕೆ ಹೋಗಿ, ಆರು ಬಾರಿಯೂ ಮನೆ ವಿನಿಮಯದಲ್ಲಿಯೇ ಉಳಿದು ಬಂದವಳಾಗಿ ಆ ವಾಕ್ಯವನ್ನು ಒಪ್ಪಲು ನನ್ನಿಂದ ಸಾಧ್ಯವಾಗಲಿಲ್ಲ. ಒಂಟಿ ಪ್ರವಾಸಿಗರಿಗೆ ಈ ವ್ಯವಸ್ಥೆ ಖಂಡಿತ ಹೊಂದುತ್ತದೆ. ಆದರೆ ಕುಟುಂಬಗಳು ಮಾಡಿಕೊಳ್ಳುವ ಸಿದ್ಧತೆಯೇ ಒಬ್ಬರಿಗೆ ಸಾಕಾಗುವುದಿಲ್ಲ. ಆ ವ್ಯತ್ಯಾಸ ಎಲ್ಲಿದೆ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ಮೊದಲಿಗೆ, ಈ ಪದ್ಧತಿ ಅಂತರ್ಜಾಲದ ಜೊತೆಗೆ ಹುಟ್ಟಿದ್ದಲ್ಲ ಎಂಬುದನ್ನು ಹೇಳಬೇಕು. ಯುರೋಪಿನ ಕೆಲವು ಶಿಕ್ಷಕರು 1953ರಲ್ಲಿ ‘ಇಂಟರ್‌ವ್ಯಾಕ್’ ಎಂಬ ಬಳಗವನ್ನು ಕಟ್ಟಿಕೊಂಡರು. ಶಿಕ್ಷಕರಿಗೆ ರಜೆ ದೀರ್ಘ, ಸಂಬಳ ಸಾಧಾರಣ. ರಜೆಯಲ್ಲಿ ತಮ್ಮ ಮನೆ ಖಾಲಿಯಿರುವಾಗ ಇನ್ನೊಂದು ದೇಶದ ಶಿಕ್ಷಕರ ಮನೆಯೂ ಖಾಲಿಯಿರುತ್ತದೆ ಎಂಬ ಸರಳ ಲೆಕ್ಕದಿಂದ ಅದು ಬೆಳೆಯಿತು. ಆ ಕಾಲದಲ್ಲಿ ಮನೆಗಳ ವಿವರವನ್ನು ಪುಸ್ತಕವಾಗಿ ಮುದ್ರಿಸಿ ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸಲಾಗುತ್ತಿತ್ತು. ಮಾತುಕತೆಯೆಲ್ಲ ಪತ್ರಗಳ ಮೂಲಕವೇ ನಡೆಯಬೇಕಿತ್ತು. 1992ರಲ್ಲಿ ಅಮೆರಿಕದಲ್ಲಿ ಎಡ್ ಕುಶಿನ್ಸ್ ಎಂಬುವರು ‘ಹೋಮ್‌ಎಕ್ಸ್‌ಚೇಂಜ್’ ಆರಂಭಿಸಿದರು. 2011ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಗೆಸ್ಟ್‌ಟುಗೆಸ್ಟ್’ ಎಂಬ ಸಂಸ್ಥೆ 2017ರಲ್ಲಿ ಅದನ್ನು ಕೊಂಡು, ಮುಂದೆ ಹೋಮ್‌ಎಕ್ಸ್‌ಚೇಂಜ್ ಎಂಬ ಹೆಸರಿನಲ್ಲಿಯೇ ಕೆಲಸ ಮುಂದುವರಿಸಿತು.

ಈ ಇತಿಹಾಸದಲ್ಲಿ ಒಂಟಿ ಪ್ರವಾಸಿಗರಿಗೆ ಮುಖ್ಯವಾದದ್ದು ಗೆಸ್ಟ್‌ಟುಗೆಸ್ಟ್‌ನಂಥ ಅಂತರ್ಜಾಲ ತಾಣಗಳು ಬಳಸಿದ ಅಂಕಗಳ ಪದ್ಧತಿ. ಹಳೆಯ ಕ್ರಮದಲ್ಲಿ ಇಬ್ಬರೂ ಒಂದೇ ಸಮಯದಲ್ಲಿ ಪರಸ್ಪರರ ಮನೆಗೆ ಹೋಗಬೇಕಿತ್ತು. ನಾಲ್ಕು ಜನರ ಕುಟುಂಬವೊಂದು ಒಂದೇ ಕೋಣೆಯಿರುವ ನನ್ನ ಮನೆಯನ್ನು ಒಪ್ಪಿಕೊಳ್ಳುವುದು ಕಷ್ಟವಾದ್ದರಿಂದ, ನನ್ನ ಊರಿಗೆ ಅದೇ ದಿನಗಳಲ್ಲಿ ಬರಬಯಸುವ ಇನ್ನೊಬ್ಬ ಒಂಟಿ ಪ್ರವಾಸಿ ಸಿಗುವವರೆಗೆ ಕಾಯಬೇಕಿತ್ತು. ಅಂಕಗಳ ಪದ್ಧತಿಯಲ್ಲಿ ಹಾಗಿಲ್ಲ. ನನ್ನ ಮನೆಯಲ್ಲಿ ಯಾರೋ ಹತ್ತು ರಾತ್ರಿ ಉಳಿದರೆ ಅದಕ್ಕೆ ತಕ್ಕ ಅಂಕಗಳು ನನ್ನ ಖಾತೆಗೆ ಸೇರುತ್ತವೆ. ಅವುಗಳನ್ನು ನಾನು ಬೇರೆ ಯಾವುದೋ ದೇಶದಲ್ಲಿ, ಬೇರೆ ಯಾರದೋ ಮನೆಯಲ್ಲಿ, ನನಗೆ ಅನುಕೂಲವಾದ ತಿಂಗಳಲ್ಲಿ ಬಳಸಬಹುದು. ಒಂದು ರಾತ್ರಿಗೆ ಇಷ್ಟು ಅಂಕ ಎಂಬುದು ಸಾಮಾನ್ಯವಾಗಿ ಮನೆಯ ಗಾತ್ರ, ಸ್ಥಳ ಮತ್ತು ಸೌಕರ್ಯಗಳ ಮೇಲೆ ನಿಂತಿರುತ್ತದೆಯೇ ಹೊರತು ಬರುವವರು ಎಷ್ಟು ಜನ ಎಂಬುದರ ಮೇಲಲ್ಲ. ಹೀಗಾಗಿ ಸಣ್ಣ ಮನೆಯುಳ್ಳವರು ಸಣ್ಣ ಮನೆಗಳನ್ನೇ ಹುಡುಕಿದರೆ ಕೊಟ್ಟ ರಾತ್ರಿಗಳಿಗೂ ಪಡೆದ ರಾತ್ರಿಗಳಿಗೂ ಹೆಚ್ಚು ಅಂತರ ಬೀಳುವುದಿಲ್ಲ.

‘ನನ್ನ ಪುಟ್ಟ ಮನೆಯನ್ನು ಯಾರು ಕೇಳುತ್ತಾರೆ?’ ಎಂಬ ಸಂಕೋಚ ನನಗೂ ಇತ್ತು. ಅದು ನಿರಾಧಾರ ಎಂದು ಅನುಭವ ತಿಳಿಸಿತು. ನನ್ನ ಮನೆಗೆ ಈವರೆಗೆ ಬಂದವರಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಬಂದವರು ಅಥವಾ ನಿವೃತ್ತ ದಂಪತಿಗಳು. ಅವರಿಗೆ ಬೇಕಿದ್ದುದು ಓದಲು ಒಂದು ಮೇಜು, ಅಡುಗೆಗೆ ಒಂದು ಒಲೆ, ಬಟ್ಟೆ ಒಗೆಯುವ ಯಂತ್ರ ಮತ್ತು ಹತ್ತಿರದಲ್ಲೊಂದು ಬಸ್ ನಿಲ್ದಾಣ. ಇನ್ನೊಂದು ಕಡೆಯಿಂದ ನೋಡಿದರೆ, ತನ್ನ ಮನೆಯನ್ನು ಅಪರಿಚಿತರಿಗೆ ಬಿಟ್ಟುಕೊಡುವವರಿಗೆ ಒಬ್ಬರೇ ಬರುವ ಅತಿಥಿಯೆಂದರೆ ಹಗುರವಾದ ಹೊಣೆ. ಒಂದು ಹಾಸಿಗೆ ಬಳಕೆಯಾಗುತ್ತದೆ, ಗದ್ದಲವಿರುವುದಿಲ್ಲ, ಬೆಕ್ಕಿಗೆ ಹೊತ್ತಿಗೆ ಸರಿಯಾಗಿ ಊಟ ಬೀಳುತ್ತದೆ. ಈ ಅನುಕೂಲವನ್ನು ಒಂಟಿ ಪ್ರವಾಸಿಗರು ತಮ್ಮ ಪರಿಚಯದಲ್ಲಿ ಹಿಂಜರಿಕೆಯಿಲ್ಲದೆ ಬರೆದುಕೊಳ್ಳಬೇಕು.

ಹಣದ ವಿಚಾರವನ್ನು ಲೇಖಕರು ಚೆನ್ನಾಗಿ ವಿವರಿಸಿರುವುದರಿಂದ ಅದರ ಮೇಲೆ ಹೆಚ್ಚು ನಿಲ್ಲುವುದಿಲ್ಲ. ಹೋಟೆಲಿನ ಕೋಣೆ ಇಬ್ಬರಿಗೆಂದೇ ಲೆಕ್ಕ ಹಾಕಿದ್ದು. ಒಬ್ಬರೇ ಹೋದಾಗ ಅದರ ಬಾಡಿಗೆಯನ್ನು ಹಂಚಿಕೊಳ್ಳುವವರಿರುವುದಿಲ್ಲ. ತಂಡದ ಪ್ರವಾಸಗಳಲ್ಲಂತೂ ಒಬ್ಬರಿಗೇ ಪ್ರತ್ಯೇಕ ಕೋಣೆ ಬೇಕೆಂದರೆ ಹೆಚ್ಚುವರಿ ಶುಲ್ಕವನ್ನೇ ವಿಧಿಸುತ್ತಾರೆ. ಮನೆ ವಿನಿಮಯದಲ್ಲಿ ಸದಸ್ಯತ್ವದ ಶುಲ್ಕ, ಕೆಲವು ಕಡೆ ಶುಚಿಗೊಳಿಸುವ ವೆಚ್ಚ ಇಷ್ಟನ್ನು ಬಿಟ್ಟರೆ ರಾತ್ರಿಯ ಲೆಕ್ಕದಲ್ಲಿ ಕೊಡಬೇಕಾದದ್ದು ಇಲ್ಲ. ಆದ್ದರಿಂದ ನಾಲ್ಕು ದಿನಗಳ ಅವಸರದ ಓಡಾಟದ ಬದಲು ಮೂರು ವಾರ ಒಂದೇ ಊರಿನಲ್ಲಿ ನೆಲೆಯೂರಿ, ಮಳೆ ಬಂದ ದಿನ ಹೊರಗೆ ಹೋಗದೆ ಮನೆಯಲ್ಲಿಯೇ ಓದುತ್ತ ಕೂರುವ ಸ್ವಾತಂತ್ರ್ಯ ನನಗೆ ದೊರೆಯಿತು. ಒಬ್ಬರೇ ಪ್ರಯಾಣಿಸುವವರಿಗೆ ಆ ಬಗೆಯ ದಿನಗಳು ಎಷ್ಟು ಅಗತ್ಯವೆಂಬುದು ಹೋಟೆಲಿನ ಕೋಣೆಯಲ್ಲಿ ಒಂದು ಇಡೀ ಭಾನುವಾರ ಕಳೆದವರಿಗೆ ಗೊತ್ತು.

ಇನ್ನು ಎಚ್ಚರಿಕೆಯ ಮಾತು. ಲೇಖಕರ ಆತಂಕದಲ್ಲಿ ತಥ್ಯವಿರುವುದು ಇಲ್ಲಿ. ಹೋಟೆಲಿನಲ್ಲಿ ಕೆಳಗೆ ಒಬ್ಬ ಸಿಬ್ಬಂದಿ ರಾತ್ರಿಯಿಡೀ ಇರುತ್ತಾರೆ. ಕುಟುಂಬದಲ್ಲಿ ಒಬ್ಬರಿಗೊಬ್ಬರು ಇರುತ್ತಾರೆ. ಅಪರಿಚಿತ ದೇಶದ ಅಪರಿಚಿತ ಮನೆಯಲ್ಲಿ ಒಂಟಿಯಾಗಿ ಇರುವವರಿಗೆ ಇವೆರಡೂ ಇಲ್ಲ. ನನ್ನ ಎರಡನೆಯ ವಿನಿಮಯದಲ್ಲಿ ಇದರ ಅರ್ಥ ನನಗೆ ಮನದಟ್ಟಾಯಿತು. ಸಂಜೆಯ ಹೊತ್ತು ಕಸದ ಚೀಲವನ್ನು ಕೆಳಗೆ ಹಾಕಿಬರಲು ಹೊರಟೆ. ಬಾಗಿಲು ಹಿಂದಿನಿಂದ ತಾನಾಗಿಯೇ ಮುಚ್ಚಿಕೊಂಡಿತು. ಯುರೋಪಿನ ಅನೇಕ ಮನೆಗಳ ಮುಂಬಾಗಿಲಿಗೆ ಹೊರಗಡೆ ತಿರುಗಿಸುವ ಹಿಡಿಕೆಯೇ ಇರುವುದಿಲ್ಲ, ಎಳೆದುಕೊಂಡರೆ ಸಾಕು, ಬೀಗ ಬೀಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬೀಗದ ಕೈ, ಫೋನು, ಪಾಸ್‌ಪೋರ್ಟು ಮೂರೂ ಒಳಗೆ. ಮನೆಯ ಚಪ್ಪಲಿಯಲ್ಲಿ ಮೆಟ್ಟಿಲ ಮೇಲೆ ನಾನು. ಇಬ್ಬರಿದ್ದಿದ್ದರೆ ಒಳಗಿದ್ದವರು ಬಾಗಿಲು ತೆರೆಯುತ್ತಿದ್ದರು. ಆ ಮನೆಯೊಡತಿ ಮೊದಲ ದಿನವೇ ವಿಡಿಯೊ ಕರೆಯಲ್ಲಿ, ಎದುರು ಮನೆಯ ವೃದ್ಧರ ಬಳಿ ಇನ್ನೊಂದು ಕೀಲಿ ಇದೆಯೆಂದು ಹೇಳಿ, ಅವರಿಗೂ ನನ್ನ ಹೆಸರನ್ನು ತಿಳಿಸಿ ಇಟ್ಟಿದ್ದರಿಂದ ಹತ್ತೇ ನಿಮಿಷದಲ್ಲಿ ಮನೆಯೊಳಗೆ ಬಂದೆ. ಆ ಒಂದು ಮಾತು ನಡೆಯದೇ ಹೋಗಿದ್ದರೆ ಭಾಷೆ ಬಾರದ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದೆ, ಬೀಗ ತೆಗೆಯುವವರನ್ನು ಹುಡುಕಿಕೊಂಡು ರಾತ್ರಿ ಕಳೆಯಬೇಕಾಗುತ್ತಿತ್ತು.

ಅಂದಿನಿಂದ ನಾನು ಮನೆ ಒಪ್ಪಿಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳು ಬದಲಾದವು. ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಈಗ ನಾನು ಕೇಳುವುದಿಲ್ಲ. ಎರಡನೆಯ ಕೀಲಿ ಯಾರ ಬಳಿ ಇದೆ, ಅವರು ಆ ದಿನಗಳಲ್ಲಿ ಊರಿನಲ್ಲಿರುತ್ತಾರೆಯೇ ಎಂದು ಕೇಳುತ್ತೇನೆ. ಒಳಗಿನಿಂದ ಕೀಲಿಯನ್ನು ಬೀಗದಲ್ಲಿಯೇ ಬಿಟ್ಟರೆ ಹೊರಗಿನಿಂದ ಇನ್ನೊಂದು ಕೀಲಿ ಕೆಲಸ ಮಾಡುತ್ತದೆಯೇ ಎಂಬುದೂ ನನ್ನ ಪ್ರಶ್ನೆಗಳಲ್ಲಿ ಸೇರಿದೆ. ಬಹಳಷ್ಟು ಬೀಗಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ವಿದ್ಯುತ್ತಿನ ಫಲಕ, ನೀರಿನ ಮುಖ್ಯ ಕವಾಟ, ಅನಿಲದ ಕವಾಟ ಎಲ್ಲಿವೆ ಎಂಬುದನ್ನು ಕರೆಯಲ್ಲಿ ಕ್ಯಾಮೆರಾ ಹಿಡಿದು ತೋರಿಸಲು ಕೋರುತ್ತೇನೆ. ಅನಿಲದಿಂದ ನೀರು ಕಾಯುವ ಮನೆಯಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಸೂಚಕ ಇದೆಯೇ ಎಂದು ವಿಚಾರಿಸುತ್ತೇನೆ, ಏಕೆಂದರೆ ವಾಸನೆಯಿಲ್ಲದ ಆ ಅನಿಲ ಸೋರಿದಾಗ ಮಲಗಿದವರನ್ನು ಎಬ್ಬಿಸಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಮನೆಯೊಳಗೆ ಕ್ಯಾಮೆರಾಗಳಿವೆಯೇ ಎಂದು ನೇರವಾಗಿ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುತ್ತೇನೆ. ಇಂಥ ಪ್ರಶ್ನೆಗಳನ್ನು ಕೇಳಿದರೆ ಎದುರಿನವರು ಬೇಸರಪಟ್ಟುಕೊಳ್ಳುತ್ತಾರೆಂಬ ಅಳುಕು ಬೇಡ. ಒಳ್ಳೆಯ ಆತಿಥೇಯರು ಇವುಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ. ಉತ್ತರಿಸಲು ಹಿಂದೆಗೆದ ಒಬ್ಬರ ಮನೆಯನ್ನು ನಾನು ಕೈಬಿಟ್ಟೆ, ಅದರ ಬಗ್ಗೆ ವಿಷಾದವಿಲ್ಲ.

ಇನ್ನೊಂದು ಸಣ್ಣ ವಿಷಯವನ್ನು ಪ್ರತ್ಯೇಕವಾಗಿ ಹೇಳಲು ಬಯಸುತ್ತೇನೆ. ಉಳಿದುಕೊಂಡಿರುವ ಮನೆಯ ಪೂರ್ತಿ ವಿಳಾಸವನ್ನು, ಮಹಡಿ ಮತ್ತು ಬಾಗಿಲಿನ ಸಂಖ್ಯೆಯೊಂದಿಗೆ, ಆ ದೇಶದ ಲಿಪಿಯಲ್ಲಿಯೇ ಕಾಗದದ ಮೇಲೆ ಬರೆಸಿಕೊಂಡು ಫೋನಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ 112ಕ್ಕೆ ಕರೆ ಮಾಡಿದರೆ ತುರ್ತು ಸೇವೆ ಸಿಗುತ್ತದೆ. ಆದರೆ ಆಂಬುಲೆನ್ಸ್ ಬರಬೇಕಾದ ಮನೆ ಯಾವುದೆಂದು ಹೇಳಲು ನಮಗೆ ತಿಳಿದಿರಬೇಕು. ಹೋಟೆಲಿನ ಹೆಸರು ಹೇಳಿದರೆ ಊರಿಗೇ ಗೊತ್ತಾಗುತ್ತದೆ. ವಸತಿ ಬಡಾವಣೆಯ ನಾಲ್ಕನೆಯ ಮಹಡಿಯ ಎಡಗಡೆಯ ಬಾಗಿಲನ್ನು ನಡುರಾತ್ರಿಯ ಜ್ವರದಲ್ಲಿ ನೆನಪಿನಿಂದ ವಿವರಿಸುವುದು ಸುಲಭವಲ್ಲ.

ಒಂಟಿ ಪ್ರವಾಸಿಗರು ಹೊರಟಾಗ ಅವರ ಸ್ವಂತ ಮನೆಯಲ್ಲಿಯೂ ಯಾರೂ ಉಳಿಯುವುದಿಲ್ಲ ಎಂಬುದನ್ನು ಮರೆಯಬಾರದು. ಬರುವ ಅತಿಥಿಗೆ ಬಾಗಿಲು ತೆರೆದು ತೋರಿಸಲು, ನಲ್ಲಿ ಕೆಟ್ಟರೆ ಕರೆಗೆ ಓಗೊಡಲು, ವಿಶ್ವಾಸದ ನೆರೆಯವರನ್ನೋ ಸ್ನೇಹಿತರನ್ನೋ ಮೊದಲೇ ಒಪ್ಪಿಸಿಕೊಂಡಿರಬೇಕು. ಕಾಗದಪತ್ರಗಳು, ಒಡವೆಗಳು, ಬೇರೆಯವರು ನೋಡಬಾರದ ಪತ್ರಗಳು ಒಂದು ಬೀರುವಿನಲ್ಲಿ ಬೀಗದೊಳಗಿರಲಿ. ಒಬ್ಬಳೇ ವಾಸಿಸುವ ಮಹಿಳೆ ‘ಇಂಥ ದಿನಾಂಕದಿಂದ ಮನೆಯಲ್ಲಿರುವುದಿಲ್ಲ’ ಎಂದು ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ವಿಳಾಸವನ್ನೂ ದಿನಾಂಕವನ್ನೂ ಒಪ್ಪಂದ ಕುದುರಿದ ಮೇಲೆ ಆ ಒಬ್ಬರಿಗೆ ತಿಳಿಸಿದರೆ ಸಾಕು. ಹಾಗೆಯೇ, ಮನೆಯ ಚಿತ್ರಗಳು ಬೇರೆ ಯಾವುದೋ ಬಾಡಿಗೆಯ ಜಾಹೀರಾತಿನಿಂದ ಕದ್ದವೇ ಎಂಬುದನ್ನು ಅಂತರ್ಜಾಲದಲ್ಲಿ ಆ ಚಿತ್ರವನ್ನೇ ಹಾಕಿ ಹುಡುಕಿ ನೋಡಬಹುದು. ತಾಣದ ಹೊರಗೆ ಮುಂಗಡವನ್ನೋ ಠೇವಣಿಯನ್ನೋ ಕಳುಹಿಸಿ ಎನ್ನುವವರೊಂದಿಗೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಒಪ್ಪಂದ ಮುರಿಯುವ ಸಂದರ್ಭವೂ ಉಂಟು. ನಾಲ್ಕನೆಯ ಪ್ರವಾಸಕ್ಕೆ ಹನ್ನೊಂದು ದಿನ ಉಳಿದಿರುವಾಗ, ಮನೆಯವರೊಬ್ಬರ ಅನಾರೋಗ್ಯದಿಂದ ತಾವು ಊರು ಬಿಡುವಂತಿಲ್ಲ ಎಂದು ಆತಿಥೇಯರು ತಿಳಿಸಿದರು. ಅವರ ತಪ್ಪಿರಲಿಲ್ಲ, ಆದರೆ ನನ್ನ ವಿಮಾನದ ಟಿಕೆಟು ಹಿಂದಿರುಗಿಸುವಂಥದ್ದಾಗಿರಲಿಲ್ಲ. ಕೊನೆಗೆ ಅವರು ತಮ್ಮದೇ ಮನೆಯ ಒಂದು ಕೋಣೆಯನ್ನು ಕೊಟ್ಟು ನನ್ನನ್ನು ಅತಿಥಿಯಾಗಿ ಇರಿಸಿಕೊಂಡರು. ಆತಿಥೇಯರೂ ಮನೆಯಲ್ಲಿರುವ ಈ ಬಗೆಯ ವಿನಿಮಯ ಕುಟುಂಬಗಳಿಗೆ ಇಕ್ಕಟ್ಟೆನಿಸಬಹುದಾದರೂ ಒಬ್ಬರಿಗೆ ಚೆನ್ನಾಗಿಯೇ ಒಗ್ಗುತ್ತದೆ. ಡೆನ್ಮಾರ್ಕಿನಲ್ಲಿ 1949ರಲ್ಲಿ ಆರಂಭವಾದ ‘ಸರ್ವಾಸ್’ ಸಂಘಟನೆ ಶಾಂತಿಯ ಉದ್ದೇಶದಿಂದ ಪ್ರವಾಸಿಗರನ್ನು ಮನೆಗಳಲ್ಲಿ ಇರಿಸಿಕೊಳ್ಳುವ ಕೆಲಸವನ್ನು ಇಂದಿಗೂ ನಡೆಸುತ್ತಿದೆ; ಅಲ್ಲಿ ಸದಸ್ಯರಾಗಬಯಸುವವರನ್ನು ಮೊದಲು ಸಂದರ್ಶನ ಮಾಡುತ್ತಾರೆ. ಸಂಜೆ ಮಾತನಾಡಲು ಒಬ್ಬರು ಬೇಕೆನ್ನುವವರಿಗೆ ಖಾಲಿ ಮನೆಗಿಂತ ಇದು ಒಳ್ಳೆಯದು. ಆದರೆ ಇದು ಸ್ವಂತ ಇಚ್ಛೆಯಿಂದ ಆರಿಸಿಕೊಳ್ಳಬೇಕಾದದ್ದು. ಖಾಲಿ ಮನೆ ಎಂದು ಹೇಳಿ, ಹೋದ ಮೇಲೆ ಆತಿಥೇಯರು ಒಳಗೇ ಇದ್ದರೆ ಅದು ಒಪ್ಪಂದದ ಉಲ್ಲಂಘನೆ, ಅಲ್ಲಿ ಒಂದು ಕ್ಷಣವೂ ನಿಲ್ಲಬೇಕಾಗಿಲ್ಲ. ಅಂಥ ದಿನಕ್ಕೆಂದು ಎರಡು ಮೂರು ರಾತ್ರಿಯ ಹೋಟೆಲಿನ ವೆಚ್ಚವನ್ನು ಮುಟ್ಟದೆ ಇಟ್ಟುಕೊಳ್ಳುವುದು ನನ್ನ ರೂಢಿ. ತಲುಪುವ ಹೊತ್ತು ಹಗಲಾಗಿರುವಂತೆ ಪ್ರಯಾಣ ಹೊಂದಿಸಿಕೊಳ್ಳುವುದೂ ಅದೇ ಕಾರಣಕ್ಕೆ.

ಇಷ್ಟೆಲ್ಲ ಪ್ರವಾಸಿಗರು ತಾವೇ ಮಾಡಿಕೊಳ್ಳಬಹುದಾದದ್ದು. ಅವರ ಕೈಯಲ್ಲಿ ಇಲ್ಲದ ಎರಡು ತೊಡಕುಗಳಿವೆ, ಅವುಗಳ ಬಗ್ಗೆ ಪತ್ರಿಕೆಗಳು ಬರೆಯಬೇಕೆಂಬುದು ನನ್ನ ಕೋರಿಕೆ.

ಮೊದಲನೆಯದು ವೀಸಾ. ವೀಸಾ ಪಡೆದೇ ಪ್ರಯಾಣಿಸಬೇಕಾದವರು ಎಲ್ಲಿ ಉಳಿಯುತ್ತೇವೆಂಬುದಕ್ಕೆ ಪುರಾವೆ ಕೊಡಬೇಕು. ಯುರೋಪಿನ ಅನೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನೇ ನೋಡಿದರೆ, ಆಹ್ವಾನಿಸಿದವರ ಹೆಸರು, ಇಲ್ಲವೇ ಹೋಟೆಲಿನ ಅಥವಾ ತಾತ್ಕಾಲಿಕ ವಸತಿಯ ಹೆಸರು ಬರೆಯಲು ಜಾಗವಿದೆ. ಮನೆಯೊಡೆಯರು ಊರಿನಲ್ಲಿಲ್ಲದಾಗ ಅವರ ಮನೆಯಲ್ಲಿ ಇರುವ ಅತಿಥಿ ಇವುಗಳಲ್ಲಿ ಯಾವುದಕ್ಕೆ ಸೇರುತ್ತಾರೆಂಬುದು ಸ್ಪಷ್ಟವಾಗುವುದಿಲ್ಲ. ಫ್ರಾನ್ಸಿನಲ್ಲಿ ಖಾಸಗಿ ಮನೆಯಲ್ಲಿ ಉಳಿಯುವವರಿಗಾಗಿ ಆತಿಥೇಯರು ತಮ್ಮ ಊರಿನ ಪುರಸಭೆಯಿಂದ ಅತಿಥಿ ಸ್ವೀಕಾರದ ದೃಢೀಕರಣ ಪತ್ರ ಪಡೆಯಬೇಕಾಗುತ್ತದೆ. ಇಟಲಿಯಲ್ಲಿ ಯುರೋಪಿನ ಒಕ್ಕೂಟದ ಹೊರಗಿನ ದೇಶದವರನ್ನು ಮನೆಯಲ್ಲಿ ಇರಿಸಿಕೊಂಡವರು 48 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮವಿದೆ. ಇವು ತಿಳಿದಿಲ್ಲದ ಆತಿಥೇಯರು ಬಹಳ ಮಂದಿ. ನಾನು ಪ್ರತಿ ಬಾರಿಯೂ ಇಬ್ಬರ ಸಹಿಯುಳ್ಳ ವಿನಿಮಯದ ಒಪ್ಪಂದ, ಆತಿಥೇಯರ ಪತ್ರ, ಆ ಮನೆ ಅವರದೇ ಎಂಬುದಕ್ಕೆ ದಾಖಲೆ ಇವುಗಳನ್ನು ಸೇರಿಸಿ ಕೊಟ್ಟಿದ್ದೇನೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯಂತೂ ಷೆಂಗೆನ್ ವೀಸಾಕ್ಕೆ ಕಡ್ಡಾಯ. ಒಂದು ಅರ್ಜಿಯಲ್ಲಿ ಒಪ್ಪಂದದ ಪತ್ರವನ್ನು ಅಧಿಕಾರಿಗಳು ಕೂಡಲೇ ಸ್ವೀಕರಿಸಿದರು. ಇನ್ನೊಂದರಲ್ಲಿ ಇದೇನೆಂದು ವಿವರಿಸಲು ಮೂರು ಪತ್ರ ಬರೆಯಬೇಕಾಯಿತು. ವೀಸಾ ಕಚೇರಿಗಳು ವಿನಿಮಯದ ಒಪ್ಪಂದವನ್ನೂ ವಸತಿಯ ಪುರಾವೆಯೆಂದು ಸ್ಪಷ್ಟವಾಗಿ ಹೆಸರಿಸಿದರೆ ಈ ಅನಿಶ್ಚಯ ತಪ್ಪುತ್ತದೆ. ಗಡಿಯಲ್ಲಿ ಕೇಳಿದರೆ ಹೇಳಬೇಕಾದ ಮಾತಿನಲ್ಲೂ ನಿಖರತೆ ಬೇಕು: ಉಚಿತ ವಾಸ್ತವ್ಯಕ್ಕೆ ಬದಲಾಗಿ ಮನೆ ಮತ್ತು ಸಾಕುಪ್ರಾಣಿಗಳನ್ನು ನೋಡಿಕೊಳ್ಳುವುದನ್ನು ಕೆಲವು ದೇಶಗಳ ವಲಸೆ ಅಧಿಕಾರಿಗಳು ಕೆಲಸವೆಂದೇ ಪರಿಗಣಿಸಿ ಪ್ರವಾಸಿಗರನ್ನು ಹಿಂದಕ್ಕೆ ಕಳುಹಿಸಿದ್ದುಂಟು. ಮನೆಗೆ ಬದಲಾಗಿ ಮನೆ ಕೊಟ್ಟಿರುವವರು ಅದನ್ನು ಹಾಗೆಯೇ ಹೇಳಿ, ದಾಖಲೆ ತೋರಿಸಬೇಕು.

ಎರಡನೆಯದು ವಿಮೆ ಮತ್ತು ಬಾಡಿಗೆಯ ಕರಾರು. ಹಣ ಕೊಟ್ಟು ಉಳಿಯುವ ಅತಿಥಿಗಳಿಂದಾದ ಹಾನಿಯನ್ನು ಅನೇಕ ಮನೆ ವಿಮೆಗಳು ಒಪ್ಪುವುದಿಲ್ಲ. ಹಣ ಕೊಡದೆ ಉಳಿದವರ ವಿಷಯದಲ್ಲಿ ಪಾಲಿಸಿಯ ಪತ್ರ ಏನನ್ನೂ ಹೇಳದೆ ಸುಮ್ಮನಿರುವುದೇ ಹೆಚ್ಚು. ನನ್ನ ವಿಮಾ ಕಂಪನಿಗೆ ಈ ಪ್ರಶ್ನೆ ಕೇಳಿದಾಗ ಮೊದಲು ಬಂದ ಉತ್ತರ ಆಗಬಹುದು ಎಂದಿತ್ತು, ಎರಡನೆಯ ಬಾರಿ ಆಗುವುದಿಲ್ಲ ಎಂದು. ಬರಹದಲ್ಲಿ ಕೊಡಿ ಎಂದು ಪಟ್ಟು ಹಿಡಿದ ಮೇಲೆ ಷರತ್ತುಗಳೊಂದಿಗೆ ಒಪ್ಪಿಗೆ ಬಂದಿತು. ಒಂಟಿಯಾಗಿ ವಾಸಿಸುವವರಲ್ಲಿ ಬಾಡಿಗೆದಾರರು ಬಹಳ. ಬಾಡಿಗೆಯ ಮನೆಯನ್ನೂ ವಿನಿಮಯಕ್ಕೆ ಕೊಡಬಹುದು, ಆದರೆ ಕರಾರಿನಲ್ಲಿ ಬೇರೆಯವರನ್ನು ಇರಿಸಬಾರದೆಂಬ ಷರತ್ತಿದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆಯಿಲ್ಲದೆ ಕೊಟ್ಟು, ವಿದೇಶದಲ್ಲಿರುವಾಗ ಮನೆ ಖಾಲಿ ಮಾಡುವ ನೋಟಿಸು ಬಂದರೆ, ಅದನ್ನು ಎದುರಿಸಲು ಊರಿನಲ್ಲಿ ನಮ್ಮ ಪರವಾಗಿ ಯಾರೂ ಇರುವುದಿಲ್ಲ. ಸಹವಾಸಿಗಳೊಂದಿಗೆ ಮನೆ ಹಂಚಿಕೊಂಡಿರುವವರು ಅವರ ಸಮ್ಮತಿಯನ್ನೂ ಪಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಪಾವಧಿ ಬಾಡಿಗೆಯ ಬಗ್ಗೆ ನಗರಗಳು ಕಠಿಣವಾಗುತ್ತಿರುವ ಈ ಸಮಯದಲ್ಲಿ ಈ ಚರ್ಚೆಗೆ ಇನ್ನಷ್ಟು ಮಹತ್ವವಿದೆ. ನ್ಯೂಯಾರ್ಕ್ 2023ರ ಸೆಪ್ಟೆಂಬರ್‌ನಿಂದ ಇಂಥ ಬಾಡಿಗೆಗಳಿಗೆ ನೋಂದಣಿಯನ್ನು ಕಟ್ಟುನಿಟ್ಟುಗೊಳಿಸಿತು. ಬಾರ್ಸಿಲೋನಾ ತನ್ನ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಗಳನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ 2024ರಲ್ಲಿ ಪ್ರಕಟಿಸಿದೆ. ಆ ಊರುಗಳ ನಿವಾಸಿಗಳ ದೂರು ನ್ಯಾಯವಾದದ್ದೇ: ವಾಸಕ್ಕೆ ಬೇಕಾದ ಮನೆಗಳು ವರ್ಷವಿಡೀ ಪ್ರವಾಸಿಗರ ಪಾಲಾಗುತ್ತಿವೆ. ಮನೆ ವಿನಿಮಯದಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಯಾರೋ ನಿಜವಾಗಿ ವಾಸಿಸುತ್ತಿರುವ, ಕೆಲವು ವಾರಗಳ ಮಟ್ಟಿಗೆ ಖಾಲಿಯಿರುವ ಮನೆ. ಎರಡನೆಯ ಮನೆಗಳನ್ನು ನೋಂದಾಯಿಸುವವರೂ ಇದ್ದಾರೆ, ಅದನ್ನು ಮರೆಮಾಚುವುದಿಲ್ಲ. ಆದರೂ ಈ ಎರಡು ವ್ಯವಸ್ಥೆಗಳನ್ನು ಒಂದೇ ಎಂದು ಬರೆಯುವುದು ಸರಿಯಲ್ಲ.

ಮನೆಗಳ ಒಳಗೆ ನಾನು ಕಂಡದ್ದನ್ನೂ ಒಂದಿಷ್ಟು ಹೇಳಬೇಕೆನಿಸುತ್ತದೆ. ಮೂರನೆಯ ವಿನಿಮಯದ ಮನೆ ಒಬ್ಬ ನಿವೃತ್ತ ದಾದಿಯದಾಗಿತ್ತು. ಅವರು ನನಗಾಗಿ ಒಂಬತ್ತು ಪುಟಗಳ ಟಿಪ್ಪಣಿಯನ್ನು ಕೈಬರಹದಲ್ಲಿ ಬರೆದಿಟ್ಟಿದ್ದರು: ಯಾವ ಕಿಟಕಿ ಬಿಗಿಯಾಗುತ್ತದೆ, ಯಾವ ಗಿಡಕ್ಕೆ ಎಷ್ಟು ನೀರು, ಸಂಜೆ ಯಾವ ಕುರ್ಚಿಯ ಮೇಲೆ ಬಿಸಿಲು ಬೀಳುತ್ತದೆ, ಒಬ್ಬರೇ ಊಟಕ್ಕೆ ಕೂತರೆ ಇರುಸುಮುರುಸಾಗದ ಜಾಗ ಯಾವುದು. ಅವರೂ ಒಬ್ಬರೇ ವಾಸಿಸುವವರು, ಒಬ್ಬರೇ ಪ್ರಯಾಣಿಸುವವರು. ಆದ್ದರಿಂದಲೇ ಆ ಕೊನೆಯ ವಾಕ್ಯ ಅವರಿಗೆ ಹೊಳೆಯಿತು. ಅದೇ ಸಮಯದಲ್ಲಿ ಅವರು ನನ್ನ ಮನೆಯಲ್ಲಿದ್ದರು. ನಾನು ಅವರಿಗೆ ಬಿಟ್ಟುಹೋಗಿದ್ದ ಟಿಪ್ಪಣಿ ಕೇವಲ ಅರ್ಧ ಪುಟದ್ದಾಗಿತ್ತು ಎಂಬುದು ನೆನಪಾಗಿ ಆ ರಾತ್ರಿಯೇ ಕುಳಿತು ಉಳಿದದ್ದನ್ನೆಲ್ಲ ಬರೆದು ಅವರಿಗೆ ಕಳುಹಿಸಿದೆ. ನಾವಿಬ್ಬರೂ ಈವರೆಗೆ ಮುಖಾಮುಖಿ ಭೇಟಿಯಾಗಿಲ್ಲ. ಪರಸ್ಪರರ ಮನೆಯ ಬೀಗ ಹೇಗೆ ತಿರುಗುತ್ತದೆಂದು ಇಬ್ಬರಿಗೂ ಗೊತ್ತು.

ತಮ್ಮ ಲೇಖಕರು ಮುಂದಿನ ಬಾರಿ ಈ ವಿಷಯವನ್ನು ಎತ್ತಿಕೊಂಡಾಗ, ವೀಸಾ ಕಚೇರಿಗಳು ವಿನಿಮಯದ ಒಪ್ಪಂದವನ್ನು ಹೇಗೆ ಪರಿಗಣಿಸುತ್ತವೆ, ವಿಮಾ ಕಂಪನಿಗಳು ಬರಹದಲ್ಲಿ ಏನನ್ನು ಒಪ್ಪುತ್ತವೆ ಎಂಬುದನ್ನು ಅವರನ್ನೇ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಆ ಲೇಖನಕ್ಕೆ ಉಪಯೋಗವಾಗುವುದಾದರೆ ನನ್ನ ಬಳಿಯಿರುವ ಒಪ್ಪಂದದ ನಮೂನೆಯನ್ನೂ, ಆತಿಥೇಯರನ್ನು ಕೇಳುವ ಪ್ರಶ್ನೆಗಳ ಪಟ್ಟಿಯನ್ನೂ ಕಳುಹಿಸಿಕೊಡಲು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗಾರ್ತಿ